ಮಡಕೆಯವಳ ಬಾಯಿ

ಆಡು ಮುಟ್ಟದ ಸೊಪ್ಪಿಲ್ಲ, ಗೀಚಪ್ಪ ಚಿತ್ರ ಬರೆಯದ ವಸ್ತುವಿಲ್ಲ. ಗೀಚಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಕ್ಕ ಇಟ್ಟದ್ದು. ಹನ್ನೆರಡನೇ ವಯಸ್ಸಿನಲ್ಲಿ ಅಂಟಿಕೊಂಡದ್ದು ಐವತ್ತೊಂಬತ್ತಾದರೂ ಬಿಟ್ಟಿರಲಿಲ್ಲ. ಕಸುಬಿನಿಂದ ಅವನು ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವನು. ಆ ಅಂಗಡಿಯನ್ನು ಅವನು ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಉತ್ತರ ಮುಂದಿನ ಕೋಣೆಯಲ್ಲಿತ್ತು. ಅಲ್ಲಿ ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂರಿ ಎಂದು ಜನರನ್ನು ಸಾಲಾಗಿ ಕೂರಿಸುತ್ತಿದ್ದರು. ಅಲ್ಲಾಡುವಂತಿಲ್ಲ, ಯಾರು ನೋಡುತ್ತಿದ್ದಾರೆಂದು ಗೊತ್ತಾಗುವಂತಿಲ್ಲ. ಚಿತ್ರ ಬರೆಯುವವನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಯಾವುದಿದೆ? ಅಂಗಡಿಯ ಚೀಟಿಗಳ ಹಿಂಬದಿಯಲ್ಲಿ ಅವನು ಬರೆದಿಟ್ಟ ಮುಚ್ಚಿದ ಕಣ್ಣಿನ ಮುಖಗಳು ಒಂದು ಡಬ್ಬದ ತುಂಬ ಇದ್ದವು.

ಇನ್ನು ಪುಸ್ತಕಗಳ ಹುಚ್ಚು. ಹಳೆ ಪುಸ್ತಕದ ಅಂಗಡಿಯವನು ದೂರದೂರಿನ ಮ್ಯೂಸಿಯಂಗಳ ಚಿತ್ರದ ಪುಸ್ತಕ ಬಂದರೆ ಬೇರೆ ಯಾರಿಗೂ ತೋರಿಸದೆ ಇವನಿಗಾಗಿ ಎತ್ತಿಡುತ್ತಿದ್ದ. ಹಡಗು ಹತ್ತಿ ಹೋಗಬೇಕಾದ ಮ್ಯೂಸಿಯಮ್ಮಿನಲ್ಲಿ ಎಷ್ಟನೇ ಕೋಣೆಯ ಯಾವ ಗೋಡೆಗೆ ಯಾವ ಚಿತ್ರವಿದೆ ಎಂದು ಗೀಚಪ್ಪ ಕಣ್ಣು ಮುಚ್ಚಿ ಹೇಳಬಲ್ಲ. ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಎಂದು ಮಾತ್ರ ಮೂವತ್ತು ವರ್ಷವಾದರೂ ತಿಳಿಯದು. ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳುತ್ತಿದ್ದಳು: "ಹೋಗದ ಊರಿನ ದಾರಿಯೆಲ್ಲ ಇವರಿಗೆ ಬಾಯಿಪಾಠ. ಹೋಗೋ ಅಡುಗೆಮನೆ ದಾರಿ ಕೇಳಬೇಡಿ."

ಅವನು ಹೋಗುತ್ತಿದ್ದ ಮ್ಯೂಸಿಯಂ ಒಂದೇ. ಊರ ನಡುವಿನ ಎರಡು ಅಂತಸ್ತಿನ ಹಳೆ ಕಟ್ಟಡ. ಭಾನುವಾರ ಹತ್ತು ಗಂಟೆಗೆ ಬಾಗಿಲು ತೆರೆದರೆ ಮೊದಲು ಒಳಗೆ ಕಾಲಿಡುವವನು ಇವನೇ. ಫೋಟೊ ತೆಗೆಯುವಂತಿಲ್ಲ, ಪೆನ್ನು ತರುವಂತಿಲ್ಲ, ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದು ಎಂಬ ಬೋರ್ಡು ಮೆಟ್ಟಿಲ ಬಳಿ ಇತ್ತು. ಮೇಲಿನ ಅಂತಸ್ತಿನ ಕಾವಲುಗಾರ ಆ ಬೋರ್ಡನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಯಾರಾದರೂ ಜೇಬಿನಿಂದ ಕರವಸ್ತ್ರ ತೆಗೆದರೂ ಫೋನು ಇರಬಹುದೆಂದು ಎದ್ದು ನಿಲ್ಲುತ್ತಿದ್ದ.

ಮೇಲಿನ ಅಂತಸ್ತಿನ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ಗೇಣುದ್ದದ ಸುಟ್ಟ ಮಣ್ಣಿನ ಹೆಂಗಸಿದ್ದಳು. ಒಂದು ಮಂಡಿ ನೆಲಕ್ಕೂರಿ, ಹೆಗಲ ಮೇಲಿನ ಮಡಕೆಯನ್ನು ಬಾಗಿಸಿ ನೀರು ಸುರಿಯುತ್ತ ಕೂತವಳು. ಮಾಡಿದವರು ಯಾರೆಂದು ತಿಳಿದಿಲ್ಲ ಎಂದು ಚೀಟಿಯಲ್ಲಿತ್ತು. ಅವಳಿಗೆ ಮಡಕೆಯವಳು ಎಂದು ಹೆಸರಿಟ್ಟದ್ದೂ ಅಕ್ಕನೇ. ಹೆಸರಿಡುವುದರಲ್ಲಿ ಅಕ್ಕನ ಕೈ ಮುಂದು.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಲಕೋಟೆ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಕತ್ತರಿಸಿ ಉಳಿದ ಕಾಗದವನ್ನು ಚೀಲದಲ್ಲಿ ತುಂಬಿಕೊಂಡು ಬಂದು, ಸೂಜಿದಾರದಲ್ಲಿ ಹೊಲಿದು, ತಮ್ಮನಿಗೆ ಚಿತ್ರದ ಪುಸ್ತಕ ಮಾಡಿಕೊಡುತ್ತಿದ್ದಳು. ಎರಡು ಕೋಣೆಯ ಮನೆಯಲ್ಲಿ ಏಳು ಜನ. ವಾರಕ್ಕೊಮ್ಮೆ ಸದ್ದಿಲ್ಲದ ಜಾಗವೊಂದು ಬೇಕೆಂದು ಅವಳು ಹುಡುಕಿಕೊಂಡದ್ದು ಮ್ಯೂಸಿಯಮ್ಮಿನ ಮೇಲಿನ ಅಂತಸ್ತು. ತಮ್ಮ ಬರೆಯುತ್ತಿದ್ದರೆ ಅವಳು ಪಕ್ಕದ ಬೆಂಚಿನಲ್ಲಿ ಲೈಬ್ರರಿಯ ಕಾದಂಬರಿ ಹಿಡಿದು ಕೂರುತ್ತಿದ್ದಳು. ಯಾವ ಕಾದಂಬರಿಯಾದರೂ ಕೊನೆಯ ಪುಟವನ್ನು ಮೊದಲು ಓದುವುದು ಅವಳ ಪದ್ಧತಿ. "ಯಾರು ಸಾಯ್ತಾರೆ ಅಂತ ಮೊದಲೇ ಗೊತ್ತಿದ್ರೆ ನೆಮ್ಮದಿ ಕಣೋ. ಆಮೇಲೆ ಅವರ ಮಾತನ್ನ ಸರಿಯಾಗಿ ಕೇಳಿಸ್ಕೋಬಹುದು" ಅನ್ನುತ್ತಿದ್ದಳು.

ಅವಳ ಬಾಯಿಗೆ ಒಂದು ವಿಶೇಷವಿತ್ತು. ಸುಮ್ಮನಿದ್ದಾಗಲೂ ಎಡ ತುದಿ ಸ್ವಲ್ಪ ಮೇಲಕ್ಕಿರುತ್ತಿತ್ತು, ಈಗಷ್ಟೇ ಏನೋ ತಮಾಷೆ ನೆನಪಾದಂತೆ. ಇದರಿಂದಾಗಿ ಕಾರ್ಖಾನೆಯ ಮೇಲ್ವಿಚಾರಕನಿಂದ, ನಗದೆಯೇ, ನಗಬೇಡ ಎಂದು ಬೈಸಿಕೊಂಡದ್ದು ಎಷ್ಟು ಸಲವೋ. ಆ ಮುಖವನ್ನು ಬರೆಯಲು ಮಾತ್ರ ಅವಳು ಬಿಡಲಿಲ್ಲ. "ಹೋಗೋ, ನನ್ನ ಮುಖ ಬರೆದ್ರೆ ಪೆನ್ಸಿಲ್ ಮುರಿದೋಗತ್ತೆ. ಮಡಕೆಯವಳನ್ನ ಬರಿ. ಅವಳಾದ್ರೆ ಕದಲದೆ ಕೂತಿರ್ತಾಳೆ." ಸ್ಟುಡಿಯೋದಲ್ಲಿ ತೆಗೆಸಿದ್ದ ಮನೆಯವರೆಲ್ಲರ ಒಂದೇ ಒಂದು ಫೋಟೊದಲ್ಲಿ ಅಕ್ಕ ಸರಿಯಾಗಿ ಆ ಗಳಿಗೆಗೆ ತಲೆ ತಿರುಗಿಸಿದ್ದಳು. ಅವಳ ಮುಖದ ಜಾಗದಲ್ಲಿ ಬಿಳಿ ಮಸುಕು. ಇಪ್ಪತ್ತೆಂಟಕ್ಕೆ, ಹತ್ತು ದಿನದ ಜ್ವರದಲ್ಲಿ ಅಕ್ಕ ಹೋದಳು. ಗೀಚಪ್ಪನಿಗೆ ಆಗ ಇಪ್ಪತ್ತೊಂದು. ಅದಾದ ಮುಂದಿನ ಭಾನುವಾರ ಏನು ಮಾಡಬೇಕೆಂದು ತೋಚದೆ ಅವನು ಪೆನ್ಸಿಲ್ ಹಿಡಿದು ಮ್ಯೂಸಿಯಮ್ಮಿಗೆ ಹೋದ. ಹೋಗುತ್ತಲೇ ಇದ್ದ, ಮೂವತ್ತೆಂಟು ವರ್ಷ.

ಹೀಗಿರುವಾಗ ಒಂದು ಭಾನುವಾರ ಮೂಲೆಯ ಪೆಟ್ಟಿಗೆ ಖಾಲಿಯಿತ್ತು. ಒಳಗಿನ ಗಾಜಿನ ಹಲಗೆಯ ಹಿಡಿ ಸಡಿಲವಾಗಿ, ಹಲಗೆ ಜಾರಿ, ಮಡಕೆಯವಳು ಹಿಂದಿನ ದಿನ ಮುಖ ಅಡಿಯಾಗಿ ಬಿದ್ದು ಒಡೆದಿದ್ದಳು; ಚೂರುಗಳನ್ನು ಆಗಲೇ ಕೆಳಗೆ ಒಯ್ದಿದ್ದರು. ಕಾವಲುಗಾರನ ಮುಖ ನೋಡಲಾಗುತ್ತಿರಲಿಲ್ಲ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ ಕನ್ನಡಕದವರೇ, ಇಲ್ಲಿ ದೊಣ್ಣೇನೂ ಬೇಕಾಗ್ಲಿಲ್ಲ" ಎಂದ. ಅಷ್ಟು ಹೇಳಿ ಕುರ್ಚಿಯಲ್ಲಿ ಕುಸಿದು ಕೂತ.

ಮೂರು ದಿನ ಕಳೆದು ಒಬ್ಬ ಹೆಂಗಸು ಕನ್ನಡಕದ ಅಂಗಡಿಗೆ ಬಂದಳು. ಮೂವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಒಣಗಿದ ಮಣ್ಣು. ಮ್ಯೂಸಿಯಮ್ಮಿನಲ್ಲಿ ಒಡೆದದ್ದನ್ನು ಜೋಡಿಸುವ ಕೆಲಸ ಅವಳದು.

"ಸಾರ್, ಎಲ್ಲ ಚೂರು ಸಿಕ್ತು. ಬಾಯಿ ಮಾತ್ರ ಪುಡಿಪುಡಿ ಆಗಿದೆ. ನಮ್ಮ ಹತ್ರ ಇರೋದು ಒಂದೇ ಹಳೇ ಫೋಟೊ. ಅದ್ರಲ್ಲಿ ಮಡಕೆ ನೆರಳು ಬಾಯಿ ಮೇಲೇ ಬಿದ್ದಿದೆ. ನೀವು ವರ್ಷಾನುಗಟ್ಟಲೆ ಅವಳನ್ನ ಬರೆದಿದೀರ ಅಂತ ಕಾವಲಿನವರು ಹೇಳಿದ್ರು, ಹೌದಾ?"

"ಬರೆದಿದೀನಿ" ಎಂದ ಗೀಚಪ್ಪ. ಕೈಯಲ್ಲಿದ್ದ ಗಾಜನ್ನು ಮೇಜಿನ ಮೇಲಿಟ್ಟ. ಎತ್ತಿಹಾಕುವ ಭಯವಾಯಿತು.

"ಅವೆಲ್ಲ ನಂಗೆ ಬೇಕು. ನಮ್ಮಲ್ಲಿ ಒಂದು ನಿಯಮ ಇದೆ ಸಾರ್. ಸಾಕ್ಷಿ ಇಲ್ದೆ ಊಹೆ ಮೇಲೆ ಏನನ್ನೂ ತುಂಬಬಾರದು. ನಿಮ್ಮ ಚಿತ್ರ ಸಿಗದೇ ಇದ್ರೆ ಅವಳನ್ನ ಬಾಯಿ ಇಲ್ದೇನೇ ಇಡಬೇಕಾಗತ್ತೆ."

ಹಿತ್ತಲ ಗಿಡ ಮದ್ದಲ್ಲ ಎಂದು ಮನೆಯಲ್ಲೂ ಅಂಗಡಿಯಲ್ಲೂ ನಲವತ್ತು ವರ್ಷ ಸಾಬೀತಾಗಿದ್ದ ಗಿಡವನ್ನು ಹುಡುಕಿಕೊಂಡು ಒಬ್ಬರು ಬಂದಿದ್ದರು. ಆ ದಿನ ಗೀಚಪ್ಪನ ಕಾಲು ನೆಲದ ಮೇಲಿರಲಿಲ್ಲ. ಒಬ್ಬ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕನಿಂದ ಬೈಸಿಕೊಂಡ. ಬೈಗುಳವೂ ಹಿತವಾಗಿಯೇ ಕೇಳಿಸಿತು.

ಶುಕ್ರವಾರ ಅಂಗಡಿಗೆ ರಜೆ ಹಾಕಿದ. ಮಧ್ಯಾಹ್ನ ಊಟ ಮುಗಿಸಿ ಮಂಚದಡಿಯ ತಗಡಿನ ಪೆಟ್ಟಿಗೆ ಎಳೆದ. ಮೇಲೆ ಹೊಸ ಪುಸ್ತಕಗಳು, ಕೆಳಗಿಳಿದಂತೆ ಹಳೆಯವು. ಮಡಕೆಯವಳಿದ್ದ ಹಾಳೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಹರಡಿದ. ಇಪ್ಪತ್ತಾಯಿತು, ಮೂವತ್ತಾಯಿತು. ಹೆಂಡತಿ ಕಾಲಿಡಲು ಜಾಗವಿಲ್ಲವೆಂದು ಗೊಣಗುತ್ತಲೇ ಬಂದು ನಿಂತು ನೋಡಿದಳು.

"ಎಲ್ಲಾದ್ರಲ್ಲೂ ಒಂದೇ ನಗು ರೀ" ಎಂದಳು. "ಎಡಗಡೆ ಒಂಚೂರು ಮೇಲೆ. ಯಾರದೋ ಗುಟ್ಟು ಗೊತ್ತಿರೋಳ ಥರ."

"ಮತ್ತೆ? ನೋಡಿ ಬರೆದದ್ದು ಅಂದ್ರೆ ಹಂಗೇ" ಎಂದ ಗೀಚಪ್ಪ. ಬೀಗುವುದಕ್ಕೂ ಒಂದು ಕಾಲ ಬರಬೇಕಲ್ಲ.

ಪೆಟ್ಟಿಗೆಯ ತಳದಲ್ಲಿ ಲಕೋಟೆ ಕಾಗದದ ಪುಸ್ತಕಗಳಿದ್ದವು, ಅಕ್ಕನ ಹೊಲಿಗೆಯವು. ಅದರಲ್ಲೊಂದನ್ನು ತೆರೆದರೆ ಅವನಿಗೆ ಮರೆತೇ ಹೋಗಿದ್ದ ಒಂದು ಹಾಳೆ ಸಿಕ್ಕಿತು. ಅಕ್ಕ ಬೆಂಚಿನ ಮೇಲೆ ಕಾದಂಬರಿಯನ್ನು ಎದೆಗಿಟ್ಟುಕೊಂಡು ನಿದ್ದೆ ಹೋಗಿದ್ದಾಳೆ. ಕದ್ದು ಬರೆದದ್ದು, ಅವಸರದಲ್ಲಿ, ಹತ್ತೋ ಹನ್ನೆರಡೋ ಗೆರೆ. ನಿದ್ದೆಯಲ್ಲೂ ಬಾಯಿಯ ಎಡ ತುದಿ ಮೇಲಕ್ಕಿದೆ. ಗೀಚಪ್ಪ ಆ ಹಾಳೆಯನ್ನು ನೋಡಿದ, ನೆಲದ ಮೇಲಿನ ಹಾಳೆಗಳನ್ನು ನೋಡಿದ. ಕೆಳಗೆ ಹರಡಿದ್ದ ನಲವತ್ತೆರಡು ಬಾಯಿಗಳೂ ಆ ಒಂದು ಬಾಯಿಯೇ.

ಇರಲಾರದು, ಮಡಕೆಯವಳೂ ಹಾಗೆಯೇ ಇದ್ದಳೇನೋ ಎಂದುಕೊಂಡು ಎಲ್ಲಕ್ಕಿಂತ ಕೆಳಗಿನ ಪುಸ್ತಕವನ್ನು ತೆಗೆದ. ಮೊದಲ ವರ್ಷದ್ದು, ಅವನಿಗೆ ಹನ್ನೆರಡಾಗಿದ್ದಾಗಿನದು. ಆಗ ಅವನು ಚಿತ್ರ ಕಲಿಯುವ ಒಂದು ಪುಸ್ತಕ ಓದಿ, ಅದರಲ್ಲಿ ಹೇಳಿದ್ದಂತೆ ಕೈ ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ ಎಲ್ಲವನ್ನೂ ಅಳೆಯುತ್ತಿದ್ದ. ಚಿತ್ರ ನೋಡಿದರೆ ನಗು ಬರಬೇಕು: ಕುಂಬಳಕಾಯಿಗೆ ಕೈಕಾಲು ಬಂದಂತಿದೆ. ಆದರೆ ಹಾಳೆಯ ತುಂಬ ಅಳತೆಯ ಗೆರೆಗಳು, ಅಂಚಿನಲ್ಲಿ ಗುಂಡು ಅಕ್ಷರದ ಟಿಪ್ಪಣಿ. 'ಬಾಯಿ ಮೂಗಿಗಿಂತ ಒಂದು ನೂಲು ಅಗಲ. ಗೆರೆ ನೇರ. ಎರಡು ತುದಿಯೂ ಸಮ. ಇವಳು ನಗುವುದಿಲ್ಲ.'

ಅವನಿಗೆ ಆ ಭಾನುವಾರ ಪೂರ್ತಿ ನೆನಪಾಯಿತು. ಅಕ್ಕ ಹೆಗಲ ಮೇಲಿಂದ ಬಾಗಿ ನೋಡಿದ್ದಳು. "ಪಾಪ ಕಣೋ, ಯಾವ ಕಾಲದಿಂದ ನೀರು ಸುರೀತಾ ಕೂತಿದಾಳೆ. ಒಂಚೂರು ನಗಿಸಬಾರ್ದಾ ಅವಳನ್ನ?" ಮುಂದಿನ ವಾರ ಅಕ್ಕನಿಗೆ ಖುಷಿಯಾಗಲೆಂದು ಅವನು ಬಾಯಿಯ ತುದಿ ಎತ್ತಿದ್ದ. ಯಾವ ನಗು ಬರೆಯುವುದು? ಅವನಿಗೆ ಗೊತ್ತಿದ್ದ ನಗು ಒಂದೇ. ಆಮೇಲೆ ಕೈ ಪಳಗಿತು, ಅಳತೆ ಬಿಟ್ಟುಹೋಯಿತು. ಕಣ್ಣು ಮಡಕೆ ನೋಡುತ್ತಿತ್ತು, ನೆರಿಗೆ ಬಿದ್ದ ಸೀರೆ ನೋಡುತ್ತಿತ್ತು. ಬಾಯಿಯ ಹತ್ತಿರ ಬಂದರೆ ಕೈ ತನಗೆ ಗೊತ್ತಿದ್ದದ್ದನ್ನು ಬರೆದುಬಿಡುತ್ತಿತ್ತು. ಇದು ಕಲಿಯುತ್ತಿರುವವನು ಮಾಡುವ ತಪ್ಪಲ್ಲ; ನನಗೆ ಬರುತ್ತದೆ ಎಂದುಕೊಂಡವನು ಮಾಡುವ ತಪ್ಪು.

ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮಲಗಿದ ಅಕ್ಕನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ನಾನು ಇವರನ್ನ ನೋಡಿದ್ದೇ ಇಲ್ಲ" ಎಂದಳು. "ಇಷ್ಟು ವರ್ಷ ಫೋಟೊದಲ್ಲಿ ಮಸುಕನ್ನೇ ನೋಡ್ಕೊಂಡು ಬಂದೆ."

"ಈಗೇನು ಮಾಡ್ಲಿ?"

"ಆ ಚಿಕ್ಕಂದಿನ ಹಾಳೆ ಒಂದನ್ನ ಮನೇಲೇ ಬಿಟ್ರೆ ಯಾರಿಗೆ ಗೊತ್ತಾಗತ್ತೆ? ನಿಮ್ಮಕ್ಕ ಅಲ್ಲಿ ಗಾಜಿನೊಳಗೆ ಕೂತಿರ್ತಾರೆ. ಭಾನುವಾರ ನಾನೂ ಬಂದು ನೋಡ್ಬಹುದು." ಹಾಳೆಯನ್ನು ಅವನ ಕೈಗಿಟ್ಟು, "ಹೇಳ್ದೆ ಅಷ್ಟೇ. ಮಾಡಿ ಅಂತಲ್ಲ" ಎಂದು ಯಂತ್ರದ ಕಡೆ ಹೋದಳು.

ಹೇಳದಿದ್ದರೂ ಆ ಆಸೆ ಅವನೊಳಗೆ ಆಗಲೇ ಹುಟ್ಟಿತ್ತು. ಅವನು ಸತ್ತ ಮೇಲೆ ಪೆಟ್ಟಿಗೆಯ ಕಾಗದಗಳು ಒಲೆಗೋ ರದ್ದಿಗೋ ಹೋಗುತ್ತವೆ. ಮ್ಯೂಸಿಯಮ್ಮಿನಲ್ಲಿ ಇಟ್ಟದ್ದು ಇರುತ್ತದೆ. ಲಕೋಟೆಗೆ ಅಂಟು ಹಚ್ಚಿ ಹಚ್ಚಿ ಬೆರಳು ಸವೆಸಿಕೊಂಡ ಒಬ್ಬಳ ನಗು ನೂರಾರು ವರ್ಷ ಬೆಳಕಿನಲ್ಲಿರುತ್ತದೆ. ಯಾರಿಗೆ ಏನು ನಷ್ಟ? ಭಾನುವಾರ ಬೆಳಿಗ್ಗೆ ನಲವತ್ತೆರಡು ಹಾಳೆಗಳನ್ನು ಜೋಡಿಸಿ ಚೀಲಕ್ಕಿಟ್ಟ. ಅಳತೆಯ ಹಾಳೆಯನ್ನು ಮೇಜಿನ ಮೇಲೆ ಬಿಟ್ಟ. ಬೇಕೆಂದೇ ಬಿಟ್ಟ, ಮರೆತದ್ದಲ್ಲ.

ಜೋಡಿಸುವಾಕೆಯ ಕೋಣೆ ಕೆಳಗಿನ ಅಂತಸ್ತಿನಲ್ಲಿ, ಹಿಂಭಾಗದಲ್ಲಿತ್ತು. ಮಡಕೆಯವಳು ಮರಳು ತುಂಬಿದ ತಟ್ಟೆಯಲ್ಲಿ ಒರಗಿ ಕೂತಿದ್ದಳು. ಮೂಗು ಸೇರಿತ್ತು, ಗಲ್ಲ ಸೇರಿತ್ತು, ನಡುವೆ ಹೆಬ್ಬೆರಳಿನಷ್ಟು ಖಾಲಿ ಜಾಗ. ಪಕ್ಕದಲ್ಲಿ, ಮೊದಲು ಮಾಡಿ ನೋಡಲೆಂದು, ಅದೇ ಮುಖದ ಸುಣ್ಣದ ಅಚ್ಚೊಂದಿತ್ತು. ಜೋಡಿಸುವಾಕೆ ಹಾಳೆಗಳನ್ನು ಉದ್ದಕ್ಕೆ ಹರಡಿ, ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು.

"ಒಂದೇ ಸಮ ಇದೆ ಸಾರ್. ಒಬ್ಬರೇ, ಇಷ್ಟು ವರ್ಷ, ಒಂದು ಗೆರೆ ಆಚೀಚೆ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಇದಕ್ಕಿಂತ ಸಾಕ್ಷಿ ಬೇಕಾ?"

ಅವಳು ಒಂದು ಚಿಟಿಕೆ ಮೇಣ ತೆಗೆದು ಬೆರಳಲ್ಲಿ ನಾದಿ ಅಚ್ಚಿನ ಖಾಲಿ ಜಾಗಕ್ಕೆ ಒತ್ತಿದಳು. ಸಣ್ಣ ಕಡ್ಡಿಯಿಂದ ತುಟಿ ಬಿಡಿಸಿದಳು. ಹಾಳೆ ನೋಡಿ, ಎಡ ತುದಿಯನ್ನು ಮೆಲ್ಲಗೆ ಎತ್ತಿದಳು.

ಅಕ್ಕ ಬಂದಳು. ಮೂವತ್ತೆಂಟು ವರ್ಷದ ಮೇಲೆ, ಕಾಗದದಲ್ಲಲ್ಲ, ಉಬ್ಬುತಗ್ಗಿನಲ್ಲಿ, ಕಿಟಕಿಯ ಬೆಳಕು ತುಟಿಯ ಮೇಲೆ ಬಿದ್ದು, ಈಗ ಏನೋ ಹೇಳುತ್ತಾಳೆ ಎನ್ನುವಂತೆ. ಆದರೆ ಮೂಗು ಅಕ್ಕನದಾಗಿರಲಿಲ್ಲ. ಕಣ್ಣು ಅಕ್ಕನದಾಗಿರಲಿಲ್ಲ. ಆ ಕಣ್ಣುಗಳು ತಮ್ಮ ಪಾಡಿಗೆ ಮಡಕೆಯ ನೀರನ್ನು ನೋಡುತ್ತಿದ್ದವು, ಕೆಳಗೆ ಬಾಯೊಂದೇ ನಗುತ್ತಿತ್ತು. ನಗದೆ ಇದ್ದವಳನ್ನು ನಗುತ್ತಿದ್ದೀಯ ಎಂದು ಬೈದು ಜನ ಅಕ್ಕನಿಗೆ ಮಾಡಿದ್ದನ್ನೇ ತಾನು ಇವಳಿಗೆ ಮಾಡಿದ್ದೇನೆ ಅನ್ನಿಸಿತು.

"ಸರಿ ಇದೆಯಾ ಸಾರ್?" ಎಂದಳು ಜೋಡಿಸುವಾಕೆ. "ನೀವೇ ಹೇಳ್ಬೇಕು. ಇವಳನ್ನ ಸರಿಯಾಗಿ ನೋಡಿರೋರು ನೀವೊಬ್ರೇ."

ಅವನು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತ.

"ನಾನು ನೋಡಿಲ್ಲಮ್ಮ" ಎಂದ. "ಇದು ಅವಳ ಬಾಯಲ್ಲ. ನಮ್ಮಕ್ಕನದು."

ಮೊದಲಿಂದ ಕೊನೆಯವರೆಗೆ ಹೇಳಿದ. ಮೇಜಿನ ಮೇಲೆ ಬೇಕೆಂದೇ ಬಿಟ್ಟು ಬಂದ ಹಾಳೆಯನ್ನೂ ಮುಚ್ಚಿಡಲಿಲ್ಲ. ಜೋಡಿಸುವಾಕೆ ಕಡ್ಡಿಯನ್ನು ಕೈಯಲ್ಲಿ ಹಿಡಿದೇ ಕೇಳಿದಳು. ಬೈಯಲಿಲ್ಲ. "ಆ ಹಾಳೆ ನೋಡ್ಬಹುದಾ?" ಎಂದಷ್ಟೇ ಕೇಳಿದಳು.

ಬಸ್ಸು ಹಿಡಿದು ಮನೆಗೆ ಓಡಿದ. ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು, ಹೊಲಿಗೆಯ ದಾರ ಸುತ್ತಿ ಹಿಡಿದುಕೊಂಡಿದ್ದಳು. "ತಗೊಳ್ಳಿ. ನೀವು ಬರ್ತೀರ ಅಂತ ಗೊತ್ತಿತ್ತು. ಇಷ್ಟು ಹೊತ್ತು ಮಾಡ್ತೀರ ಅಂತ ಗೊತ್ತಿರ್ಲಿಲ್ಲ."

ಜೋಡಿಸುವಾಕೆ ಕುಂಬಳಕಾಯಿಯಂಥ ಆ ಚಿತ್ರವನ್ನು ನೋಡಿ ನಗಲಿಲ್ಲ. ಅಂಚಿನ ಟಿಪ್ಪಣಿ ಓದಿದಳು, ಅಳತೆಯ ಗೆರೆಗಳ ಮೇಲೆ ಸ್ಕೇಲಿಟ್ಟಳು, ಲೆಕ್ಕ ಹಾಕಿ ಮೂಗಿನ ಅಗಲಕ್ಕೆ ತಾಳೆ ನೋಡಿದಳು. ಹಳೆ ಫೋಟೊದ ನೆರಳಿನಲ್ಲಿ ಬಾಯಿಯ ಬಲ ತುದಿ ಒಂದು ಚುಕ್ಕೆಯಷ್ಟು ಕಾಣುತ್ತಿತ್ತು. ಅದು ಹುಡುಗನ ಅಳತೆಗೆ ಸರಿಯಾಗಿ ಕೂತಿತು.

"ಹನ್ನೆರಡನೇ ವಯಸ್ಸಲ್ಲಿ ಸರಿಯಾಗಿ ನೋಡಿದೀರ" ಎಂದಳು. ಆಮೇಲೆ ಅಚ್ಚಿನ ಮೇಲಿದ್ದ ಮೇಣದ ಬಾಯಿಯ ಹತ್ತಿರ ಹೆಬ್ಬೆರಳನ್ನು ತಂದು, ಅಲ್ಲಿಯೇ ನಿಲ್ಲಿಸಿ ಅವನ ಮುಖ ನೋಡಿದಳು. "ತೆಗೀಲಾ ಸಾರ್?"

ಅವನು ಇನ್ನೊಮ್ಮೆ ನೋಡಿದ. ಈ ಸಲ ನಿಜವಾಗಿ, ತುದಿಯಿಂದ ತುದಿಗೆ.

"ತೆಗಿಯಮ್ಮ" ಎಂದ.

ಎರಡು ತಿಂಗಳ ಮೇಲೆ ಮಡಕೆಯವಳು ಹೊಸ ಹಲಗೆಯ ಮೇಲೆ ಬಂದು ಕೂತಳು. ಬಾಯಿ ನೇರ, ಮುಚ್ಚಿದ ತುಟಿ, ದಣಿದವಳೂ ಅಲ್ಲ, ದುಃಖದವಳೂ ಅಲ್ಲ. ಕೆಲಸದಲ್ಲಿರುವ ಹೆಂಗಸು, ಅಷ್ಟೇ. ಆ ಭಾನುವಾರ ಹತ್ತು ಗಂಟೆಗೆ ಗೀಚಪ್ಪ ಎದುರಿಗೆ ಕೂತು ಪೆನ್ಸಿಲ್ ಹೆರೆದು ಸಿದ್ಧನಾದ. ಮಂಡಿ ಬರೆದ, ಮಡಕೆ ಬರೆದ, ಕಣ್ಣು ಬರೆದ. ಬಾಯಿಯ ಹತ್ತಿರ ಬಂದಾಗ ಕೈ ಹಳೆಯ ದಾರಿ ಹಿಡಿಯಿತು. ಅವನು ತಡೆದು ತಲೆಯೆತ್ತಿದ. ಗಾಜಿನಾಚೆ ಇದ್ದವಳು ಯಾರೋ. ಯಾರದೋ ಅಕ್ಕನಿರಬಹುದು, ಅವನ ಅಕ್ಕನಲ್ಲ. ಅವನು ತಿರುಗಿ ಬೆಂಚು ನೋಡಿದ. ಅಲ್ಲೂ ಯಾರೂ ಇರಲಿಲ್ಲ. ಅಕ್ಕ ತೀರಿಕೊಂಡು ಮೂವತ್ತೆಂಟು ವರ್ಷವಾಗಿತ್ತು. ಅವಳು ಇಲ್ಲ ಎಂಬುದು ಅವನಿಗೆ ತಿಳಿದದ್ದು ಆವತ್ತು.

ಕಾವಲುಗಾರ ಎದ್ದು ಬಂದ. ಇವನು ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದರೂ ಏನೂ ಅನ್ನಲಿಲ್ಲ. ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಸ್ವಲ್ಪ ದೂರದಲ್ಲಿ ಹಾಕಿಕೊಂಡು ಕೂತ.

"ನಿಧಾನಕ್ಕೆ ಬರೀರಿ ಕನ್ನಡಕದವರೇ" ಎಂದ. "ಮುಚ್ಚೋಕೆ ಇನ್ನೂ ಹೊತ್ತಿದೆ."

ಗೀಚಪ್ಪ ಕಣ್ಣೊರೆಸಿಕೊಂಡು ಮಡಕೆಯವಳ ಬಾಯಿಯನ್ನು ಇದ್ದ ಹಾಗೆ ಬರೆಯತೊಡಗಿದ.